‘ಸಮಾಜ ಸಿದ್ಧವಿಲ್ಲ’ ಅನ್ನುವವರು ಯಾವ ಊರಿನ ಮಾತಾಡುತ್ತಿದ್ದಾರೆ?

ಮಾನ್ಯ ಸಂಪಾದಕರೇ,

ಸಲಿಂಗ ವಿವಾಹ ಸುದ್ದಿಗೆ ಬಂದಾಗಲೆಲ್ಲ ವಾಚಕರ ವಿಭಾಗಕ್ಕೆ ಎರಡು ಬಗೆಯ ಪತ್ರ ಬರುತ್ತವೆ. ‘ನಮ್ಮ ಸಮಾಜ ಇದಕ್ಕಿನ್ನೂ ಸಿದ್ಧವಿಲ್ಲ’ ಎಂದು ಒಬ್ಬರು, ‘ಕಾಲ ಬದಲಾಗಿದೆ, ಹುಡುಗರೆಲ್ಲ ಒಪ್ಪಿದ್ದಾರೆ’ ಎಂದು ಇನ್ನೊಬ್ಬರು. ಇಬ್ಬರಿಗೂ ಸಮಾಜವೆಂದರೆ ಒಂದೇ ಮುದ್ದೆ. ಯಾವ ಸಮಾಜ, ಯಾವ ಜಿಲ್ಲೆ, ಜಮೀನಿರುವ ಮನೆಯೋ ಸಂಬಳದ ಮನೆಯೋ ಎಂದು ಯಾರೂ ಕೇಳುವುದಿಲ್ಲ. ಕೌಟುಂಬಿಕ ಕಾನೂನು ಮತ್ತು ಸಮಾಜಶಾಸ್ತ್ರ ಪಾಠ ಮಾಡುವ ನಮಗೆ ತೋರುವುದಿಷ್ಟು: ಒಂದು ಪ್ರದೇಶ ಸಲಿಂಗ ವಿವಾಹವನ್ನು ಒಪ್ಪುತ್ತದೋ ಇಲ್ಲವೋ ಎಂಬುದು ಅಲ್ಲಿನ ಧರ್ಮಗ್ರಂಥದಲ್ಲಿ ಏನಿದೆ ಎಂಬುದಕ್ಕಿಂತ, ಅಲ್ಲಿ ಮದುವೆ ಎಂಬುದು ಏನೇನು ಹೊತ್ತುಕೊಂಡಿದೆ ಎಂಬುದನ್ನು ಅವಲಂಬಿಸಿರುತ್ತದೆ. ಆಸ್ತಿ ಯಾರಿಗೆ, ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರು, ಸತ್ತವರಿಗೆ ಎಡೆ ಇಡುವವರು ಯಾರು, ತಂಗಿಗೆ ಗಂಡು ಸಿಗುತ್ತದೋ ಇಲ್ಲವೋ. ಇವೆಲ್ಲ ಮದುವೆಯ ಮೇಲೇ ನಿಂತಿರುವ ಕಡೆ ವಿರೋಧ ಗಟ್ಟಿ, ಮದುವೆಯ ಹೊರೆ ಹಗುರಾಗಿರುವ ಕಡೆ ವಿರೋಧವೂ ಹಗುರ.

ಮೊದಲು ಅಂಕಿಅಂಶ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರ ನವೆಂಬರ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಸಲಿಂಗಿಗಳ ಕಾನೂನುಬದ್ಧ ಮದುವೆಯ ಪರ ಇರುವವರು ಜಪಾನಿನಲ್ಲಿ ಶೇ 68, ವಿಯೆಟ್ನಾಂನಲ್ಲಿ 65, ಥಾಯ್ಲೆಂಡಿನಲ್ಲಿ 60, ಭಾರತದಲ್ಲಿ 53, ತೈವಾನಿನಲ್ಲಿ 45, ದಕ್ಷಿಣ ಕೊರಿಯಾದಲ್ಲಿ 41, ಶ್ರೀಲಂಕಾದಲ್ಲಿ 23, ಇಂಡೊನೇಷ್ಯಾದಲ್ಲಿ 5. ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. 2019ರಲ್ಲೇ ಕಾನೂನು ತಂದ ತೈವಾನ್ ನಮಗಿಂತ ಕೆಳಗಿದೆ. ಎಲ್ಲರಿಗಿಂತ ಮೇಲಿರುವ ಜಪಾನಿನಲ್ಲಿ ಇಂಥ ಮದುವೆಗೆ ಕಾನೂನೇ ಇಲ್ಲ. ಬೌದ್ಧರೇ ಬಹುಸಂಖ್ಯಾತರಾದ ಥಾಯ್ಲೆಂಡಿಗೂ ಶ್ರೀಲಂಕಾಕ್ಕೂ ನಡುವೆ 37 ಅಂಶಗಳ ಅಂತರ. ಹಾಗಾದರೆ ‘ಧರ್ಮವೇ ಕಾರಣ’ ಎಂಬ ಮಾತು ಎಲ್ಲಿ ಉಳಿಯಿತು?

ಇನ್ನೂ ಒಂದು ತಮಾಷೆ ನೋಡಿ. ತೈವಾನ್ ಸರ್ಕಾರವೇ ಅದೇ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಪರ ಇದ್ದವರು ಶೇ 62.6. ಒಂದೇ ದೇಶ, ಒಂದೇ ವರ್ಷ, 17 ಅಂಶಗಳಿಗೂ ಮಿಕ್ಕಿದ ವ್ಯತ್ಯಾಸ. ಯಾರೂ ಸುಳ್ಳು ಹೇಳಿಲ್ಲ. ‘ಇದನ್ನು ನೀವು ಬೆಂಬಲಿಸುತ್ತೀರಾ’ ಎಂದು ಕೇಳಿದರೆ ಮನುಷ್ಯ ತನ್ನ ಇಷ್ಟಾನಿಷ್ಟ ಹೇಳುತ್ತಾನೆ. ‘ಅವರಿಗೆ ಮದುವೆಯ ಹಕ್ಕಿರಬೇಕೇ’ ಎಂದು ಕೇಳಿದರೆ ನ್ಯಾಯದ ಲೆಕ್ಕ ಹಾಕುತ್ತಾನೆ. ‘ನಿಮ್ಮ ಮಗಳೇ ಹೀಗೆ ಬಂದು ಹೇಳಿದರೆ’ ಎಂದು ಕೇಳಿದರೆ ಮೂರನೆಯ ಉತ್ತರ ಬರುತ್ತದೆ. ಫೋನಿನಲ್ಲಿ ಕೇಳಿದ್ದಕ್ಕೂ ಜಗಲಿಯ ಮೇಲೆ ಕೂತು ಅತ್ತೆ–ಮಾವನ ಎದುರಿಗೇ ಸೊಸೆಯನ್ನು ಕೇಳಿದ್ದಕ್ಕೂ ಉತ್ತರ ಬೇರೆಯಾಗುತ್ತದೆ. ಕ್ಷೇತ್ರಕಾರ್ಯಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮೊದಲ ಪಾಠವಿದು: ಮನೆಯ ಹೆಣ್ಣುಮಕ್ಕಳನ್ನು ಬೇರೆಯಾಗಿ ಮಾತಾಡಿಸಿ, ನೆರೆಯವರು ಬಂದು ನಿಂತರೆ ಪ್ರಶ್ನೆ ಬದಲಿಸಿ. ಶೇಕಡಾವಾರು ಮಾತ್ರ ಅಚ್ಚಾಗಿ ಪ್ರಶ್ನೆಯೇ ಅಚ್ಚಾಗದ ಸಮೀಕ್ಷೆ ಸುದ್ದಿಯನ್ನು ನಂಬುವುದು ಕಷ್ಟ. ಭಾರತದ ಶೇ 53 ನೋಡಿ ಹಿಗ್ಗಬೇಕಾದ್ದೂ ಇಲ್ಲ, ಹುಬ್ಬೇರಿಸಬೇಕಾದ್ದೂ ಇಲ್ಲ. ಎಲ್ಲೋ ದೂರದ ಯಾರದೋ ಮದುವೆಗೆ ಹೂಂ ಅನ್ನುವುದಕ್ಕೆ ಖರ್ಚಿಲ್ಲ.

ತೈವಾನಿನ ವಿಷಯ ಕನ್ನಡ ಓದುಗರಿಗೆ ಯುರೋಪಿಗಿಂತ ಹತ್ತಿರದ್ದು. ಅಲ್ಲೂ ವಂಶ ಮುಂದುವರಿಯಬೇಕು, ಗಂಡುಮಗ ಬೇಕು, ಹಿರಿಯರಿಗೆ ಧೂಪ ಹಾಕಬೇಕು. ಮನೆಯ ಪೀಠದ ಮೇಲೆ ಪೂರ್ವಜರ ಹೆಸರಿನ ಫಲಕಗಳಿರುತ್ತವೆ. ಸಾಂಪ್ರದಾಯಿಕ ಮನೆಗಳಲ್ಲಿ ಮದುವೆಯಾಗದೆ ಸತ್ತ ಹೆಣ್ಣುಮಗಳ ಫಲಕಕ್ಕೆ ತವರಿನ ಪೀಠದಲ್ಲಿ ಜಾಗವಿಲ್ಲ. ಅವಳು ಸತ್ತ ಮೇಲೆ ಸೇರಬೇಕಾದ್ದು ಗಂಡನ ಮನೆಯ ಪೀಠವನ್ನು, ಗಂಡನೇ ಇಲ್ಲದಿದ್ದರೆ ಎಲ್ಲಿಗೆ? ಇಬ್ಬರು ಹೆಂಗಸರು ಮದುವೆಯಾಗುತ್ತೇವೆ ಅಂದಾಗ ತಾಯಿಯ ತಲೆಯಲ್ಲಿ ಓಡುವುದು ಲೈಂಗಿಕತೆಯ ಪ್ರಶ್ನೆಗಿಂತ ಈ ಪೀಠದ ಪ್ರಶ್ನೆಯೇ ಹೆಚ್ಚು. ಅಲ್ಲಿ ವಿರೋಧವನ್ನು ಸಂಘಟಿಸಿದವರು ಮುಖ್ಯವಾಗಿ ಚರ್ಚುಗಳು, ಆದರೆ ಕ್ರೈಸ್ತರು ಜನಸಂಖ್ಯೆಯ ಒಂದಂಕಿಯಷ್ಟು ಪಾಲು. ಅವರ ಮಾತಿಗೆ ಲಕ್ಷಾಂತರ ಕ್ರೈಸ್ತೇತರರ ಮತ ಬಿದ್ದದ್ದು ಈ ವಂಶದ ಆತಂಕದಿಂದಲೇ.

ಮುಂದೆ ನಡೆದದ್ದರಲ್ಲಿ ಕಲಿಯಬೇಕಾದ್ದಿದೆ. 2017ರ ಮೇ 24ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ, ಸಲಿಂಗ ಜೋಡಿಗೆ ಮದುವೆ ನಿರಾಕರಿಸುವುದು ಸಂವಿಧಾನಬಾಹಿರ ಎಂದು ಹೇಳಿ ಎರಡು ವರ್ಷದ ಗಡುವು ಕೊಟ್ಟಿತು. ವಿರೋಧಿಗಳು 2018ರ ನವೆಂಬರ್ 24ರಂದು, ಸ್ಥಳೀಯ ಚುನಾವಣೆಯ ದಿನವೇ, ಜನಮತಗಣನೆ ಮಾಡಿಸಿದರು. ‘ನಾಗರಿಕ ಸಂಹಿತೆಯಲ್ಲಿ ಮದುವೆ ಗಂಡು–ಹೆಣ್ಣಿಗೆ ಮಾತ್ರ ಸೀಮಿತವಾಗಿರಬೇಕು’ ಎಂಬುದಕ್ಕೆ ಶೇ 72ಕ್ಕೂ ಹೆಚ್ಚು ಮಂದಿ ಹೌದು ಅಂದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ತಲೆಬರಹ ಮಾಡಿದವು. ಆದರೆ ಅದೇ ದಿನ, ಅದೇ ಮತದಾರರಲ್ಲಿ ಶೇ 61ರಷ್ಟು ಜನ ಇನ್ನೊಂದು ಪ್ರಶ್ನೆಗೂ ಹೌದು ಅಂದಿದ್ದರು: ನಾಗರಿಕ ಸಂಹಿತೆಯನ್ನು ಬಿಟ್ಟು ಬೇರೆ ರೂಪದಲ್ಲಿ ಸಲಿಂಗ ಜೋಡಿಯ ಶಾಶ್ವತ ಸಹಬಾಳ್ವೆಗೆ ರಕ್ಷಣೆ ಕೊಡಬಹುದೇ ಎಂಬ ಪ್ರಶ್ನೆಗೆ. ಎರಡೂ ವಿರೋಧಿಗಳೇ ಇಟ್ಟ ಪ್ರಶ್ನೆಗಳು. ಜನ ತಮ್ಮ ಮನೆಯ ಮದುವೆಯ ಚೌಕಟ್ಟನ್ನು ಮುಟ್ಟಬೇಡಿ ಅಂದರೇ ಹೊರತು ಆ ಇಬ್ಬರು ಬದುಕಬಾರದು ಅನ್ನಲಿಲ್ಲ.

ಸರ್ಕಾರ ಈ ಎರಡು ಉತ್ತರಗಳ ಸಂದಿಯಲ್ಲೇ ದಾರಿ ಮಾಡಿತು. ನಾಗರಿಕ ಸಂಹಿತೆ ಮುಟ್ಟದೆ ಪ್ರತ್ಯೇಕ ಕಾನೂನು ತಂದಿತು. ಶೀರ್ಷಿಕೆಯಲ್ಲಿ ಮದುವೆ ಎಂಬ ಪದವೇ ಇಲ್ಲ, ನ್ಯಾಯಾಲಯದ 748ನೇ ವ್ಯಾಖ್ಯಾನದ (ಅಂದರೆ 2017ರ ಆ ತೀರ್ಪಿನ) ಅನುಷ್ಠಾನ ಕಾಯ್ದೆ ಎಂಬ ಒಣ ಹೆಸರು. ಒಳಗೆ 4ನೇ ಕಲಮಿನಲ್ಲಿ ಮಾತ್ರ ಮದುವೆ ನೋಂದಣಿಯ ಮಾತಿದೆ. 2019ರ ಮೇ 17ರಂದು 66–27 ಮತಗಳಿಂದ ಅಂಗೀಕಾರವಾಗಿ ಅದೇ ತಿಂಗಳ 24ರಿಂದ ನೋಂದಣಿ ಆರಂಭವಾಯಿತು. ಉತ್ತರಾಧಿಕಾರ, ಜೀವನಾಂಶ, ಆಸ್ಪತ್ರೆಯ ಒಪ್ಪಿಗೆ ಎಲ್ಲ ಒಳಗಿತ್ತು. ಬೀಗತನ ಮಾತ್ರ ಹೊರಗೆ: ಸಂಗಾತಿಯ ತಂದೆ–ತಾಯಿ ಕಾನೂನಿನ ಪ್ರಕಾರ ಅತ್ತೆ–ಮಾವ ಆಗುವುದಿಲ್ಲ. ಮದುವೆ ಇಬ್ಬರದು, ಎರಡು ಮನೆತನಗಳದ್ದಲ್ಲ. ಹಿರಿಯರಿಗೆ ನುಂಗಲಾಗದ ತುತ್ತನ್ನೇ ತಟ್ಟೆಯಿಂದ ತೆಗೆದಿಟ್ಟ ಜಾಣತನ ಇದು, ಅನ್ಯಾಯವೂ ಹೌದು. ದತ್ತು ವಿಷಯದಲ್ಲೂ ಸಂಗಾತಿಗೆ ಹುಟ್ಟಿದ ಮಗುವನ್ನು ಮಾತ್ರ ದತ್ತು ತೆಗೆದುಕೊಳ್ಳಬಹುದಿತ್ತು. ಸಲಿಂಗ ವಿವಾಹಕ್ಕೆ ಮಾನ್ಯತೆಯಿಲ್ಲದ ದೇಶದವರನ್ನು ಮದುವೆಯಾಗುವಂತಿರಲಿಲ್ಲ. ಈ ಎರಡು ತೊಡಕುಗಳು ಬಹುಮಟ್ಟಿಗೆ ಬಗೆಹರಿದದ್ದು 2023ರಲ್ಲಿ. ಅಷ್ಟರಲ್ಲಿ ಸರ್ಕಾರಿ ಸಮೀಕ್ಷೆಯ ಅಂಕಿ 2018ರ ಶೇ 37.4ರಿಂದ 62.6ಕ್ಕೆ ಏರಿತ್ತು. ಜನ ಬದಲಾಗಿ ಕಾನೂನು ಬರಲಿಲ್ಲ. ಕಾನೂನು ಬಂದು, ಏನೂ ಆಗಲಿಲ್ಲ ಎಂದು ನೋಡಿದ ಮೇಲೆ ಜನ ಬದಲಾದರು.

ಥಾಯ್ಲೆಂಡಿನಲ್ಲಿ ಇಷ್ಟು ಗುದ್ದಾಟ ಬೇಕಾಗಲಿಲ್ಲ. 2024ರ ಮಾರ್ಚ್‌ನಲ್ಲಿ ಕೆಳಮನೆ 400–10, ಜೂನ್‌ನಲ್ಲಿ ಮೇಲ್ಮನೆ 130–4 ಮತಗಳಿಂದ ಒಪ್ಪಿತು. 2025ರ ಜನವರಿ 23ರಿಂದ ಕಾನೂನು ಜಾರಿಯಲ್ಲಿದೆ. ಅಲ್ಲಿನ ಉತ್ತರ ಮತ್ತು ಈಶಾನ್ಯ ಭಾಗದ ಹಳ್ಳಿಗಳಲ್ಲಿ ಅಳಿಯನೇ ಹೆಂಡತಿಯ ಮನೆಗೆ ಬರುವುದು, ಮನೆ ಕಿರಿಮಗಳಿಗೆ ಉಳಿಯುವುದು ಹಳೆಯ ರೂಢಿ. ಗಂಡುಮಗನಿಂದಲೇ ವಂಶ ಎಂಬ ಬಿಗಿ ಇಲ್ಲ. ಬೌದ್ಧ ಭಿಕ್ಷು ಹರಸುತ್ತಾನೆಯೇ ವಿನಾ ಮದುವೆ ಮಾಡಿಸುವುದಿಲ್ಲ, ಮದುವೆ ಲೌಕಿಕದ ವ್ಯವಹಾರ. ಅದೇ ದೇಶದ ದಕ್ಷಿಣದ ನಾಲ್ಕು ಪ್ರಾಂತ್ಯಗಳಲ್ಲಿ ಮುಸ್ಲಿಮರಿಗೆ ಕುಟುಂಬ ಮತ್ತು ಉತ್ತರಾಧಿಕಾರದ ಪ್ರತ್ಯೇಕ ಕಾನೂನಿದೆ. ವಿರೋಧದ ದನಿ ಹೆಚ್ಚಾಗಿ ಕೇಳಿಬಂದದ್ದೂ ಆ ಭಾಗದಿಂದಲೇ. ಕರಡು ಬರೆಯುವವರು ಅಲ್ಲಿಂದ ಕಲಿಯಬೇಕಾದ ಸಣ್ಣ ಸಂಗತಿಯೂ ಒಂದಿದೆ. ‘ಗಂಡು–ಹೆಣ್ಣು’ ಇದ್ದಲ್ಲಿ ‘ಇಬ್ಬರು ವ್ಯಕ್ತಿಗಳು’, ‘ಗಂಡ–ಹೆಂಡತಿ’ ಇದ್ದಲ್ಲಿ ‘ಬಾಳಸಂಗಾತಿಗಳು’ ಎಂದು ತಿದ್ದಿ, ಇಬ್ಬರಿಗೂ ಕನಿಷ್ಠ ವಯಸ್ಸು 18 ಎಂದು ಮಾಡಿದರು. ಜಾತಿ–ಧರ್ಮ ನೋಡದೆ ನೋಂದಣಿ ಮದುವೆಗೆ ದಾರಿ ಕೊಡುವ ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಗಂಡಿಗೆ 21, ಹೆಣ್ಣಿಗೆ 18 ಎಂದಿದೆ. ಇಬ್ಬರೂ ಗಂಡಸರಾದರೆ 21, ಇಬ್ಬರೂ ಹೆಂಗಸರಾದರೆ 18 ಎಂದು ಓದಿಕೊಂಡರೂ, ಮುಂದೆ ಗಂಡ–ಹೆಂಡತಿಗೆ ಬೇರೆ ಬೇರೆ ಹಕ್ಕು ಕೊಟ್ಟಿರುವ ವಿಚ್ಛೇದನ, ಜೀವನಾಂಶದ ಸೆಕ್ಷನ್ನುಗಳಲ್ಲಿ ಸಿಕ್ಕಿಕೊಳ್ಳುತ್ತೇವೆ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೋರಿ 2023ರಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ನಡೆದ ವಾದ ಎಡವಿದ್ದರಲ್ಲಿ ಇದೂ ಒಂದು ಕಲ್ಲು.

ಐರ್ಲೆಂಡ್ ಬಗ್ಗೆ ಇಷ್ಟೇ ಹೇಳಬೇಕು. ಕ್ಯಾಥೊಲಿಕ್ ದೇಶ, ವಿಚ್ಛೇದನಕ್ಕೇ 1995ರಲ್ಲಿ ಕೂದಲೆಳೆಯ ಅಂತರದಲ್ಲಿ ಒಪ್ಪಿಗೆ ಕೊಟ್ಟವರು, 2015ರ ಮೇ 22ರ ಜನಮತಗಣನೆಯಲ್ಲಿ ಶೇ 62ರ ಬಹುಮತದಿಂದ ಸಲಿಂಗ ವಿವಾಹಕ್ಕೆ ಹೌದು ಅಂದರು. 43 ಕ್ಷೇತ್ರಗಳಲ್ಲಿ ಇಲ್ಲ ಅಂದದ್ದು ರಾಸ್‌ಕಾಮನ್–ದಕ್ಷಿಣ ಲೀಟ್ರಿಮ್ ಒಂದೇ, ಅಲ್ಲೂ ಅಂತರ ಕಡಿಮೆ. ಅದು ದೊಡ್ಡ ಪಟ್ಟಣವಿಲ್ಲದ, ಓದಿದ ಮಕ್ಕಳು ಡಬ್ಲಿನ್‌ಗೋ ಲಂಡನ್‌ಗೋ ಹೋಗಿ ವಯಸ್ಸಾದವರು ಉಳಿದ ಕೃಷಿ ಸೀಮೆ. ಉತ್ತರ ಕನ್ನಡದ ಅಡಿಕೆ ತೋಟದ ಊರುಗಳನ್ನು ಬಲ್ಲವರಿಗೆ ಈ ಚಿತ್ರ ಹೊಸದಲ್ಲ. ಪ್ರಚಾರದ ಒಂದು ತಂತ್ರ ಗಮನಾರ್ಹ: ದತ್ತು ಮತ್ತು ಮಕ್ಕಳ ಪಾಲನೆಯ ಕಾಯ್ದೆಯನ್ನು ಮತದಾನಕ್ಕೆ ಮೊದಲೇ, ಏಪ್ರಿಲ್‌ನಲ್ಲಿ, ಬೇರೆಯಾಗಿ ಮುಗಿಸಿಬಿಟ್ಟಿದ್ದರು. ‘ಮಕ್ಕಳ ಗತಿಯೇನು’ ಎಂಬ ಹೆದರಿಕೆಯನ್ನು ಮದುವೆಯ ಪ್ರಶ್ನೆಗೆ ಗಂಟು ಹಾಕಲು ಆಸ್ಪದ ಕಡಿಮೆಯಾಯಿತು. ತೈವಾನಿನಲ್ಲಿ ಆ ಗಂಟೇ ವಿರೋಧಿಗಳ ಆಯುಧವಾಗಿತ್ತು.

ಅಮೆರಿಕದ ಉದಾಹರಣೆ ಕೊಡುವವರು ಅರ್ಧವೇ ಹೇಳುತ್ತಾರೆ. 2004ರ ಮೇನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನ್ಯಾಯಾಲಯದ ತೀರ್ಪಿನಿಂದ ಸಲಿಂಗ ಮದುವೆ ಆರಂಭವಾಯಿತು, ಅದೇ ನವೆಂಬರ್‌ನಲ್ಲಿ ಬೇರೆ 11 ರಾಜ್ಯಗಳ ಮತದಾರರು ತಮ್ಮ ಸಂವಿಧಾನಕ್ಕೆ ನಿಷೇಧ ಸೇರಿಸಿಕೊಂಡರು. ಮಿಸಿಸಿಪ್ಪಿಯಲ್ಲಿ ನಿಷೇಧದ ಪರ ಬಿದ್ದ ಮತ ಶೇ 86. ಒಂದೇ ತೀರ್ಪು ಹತ್ತಿರದವರನ್ನು ಪಳಗಿಸಿತು, ದೂರದವರನ್ನು ಕೆರಳಿಸಿತು. ಗ್ಯಾಲಪ್ ಎಂಬ ಸಮೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ ಬೆಂಬಲ 1996ರ ಶೇ 27ರಿಂದ 2022ರಲ್ಲಿ 71ಕ್ಕೆ ಏರಿ, 2025ರಲ್ಲಿ 68ಕ್ಕೆ ಇಳಿದಿದೆ. ರಿಪಬ್ಲಿಕನ್ನರಲ್ಲಿ ಅದು 55ರಿಂದ 41ಕ್ಕೆ ಕುಸಿದಿದೆ. ಒಮ್ಮೆ ಏರಿದ ಒಪ್ಪಿಗೆ ಇಳಿಯುವುದೇ ಇಲ್ಲ ಎಂಬ ಭರವಸೆ ಬೇಡ. ಪಕ್ಷ ರಾಜಕಾರಣ ಕೈ ಹಾಕಿದರೆ ಇಳಿಯುತ್ತದೆ.

ಈಗ ನಮ್ಮ ಊರಿಗೆ ಬರೋಣ.

‘ಭಾರತೀಯ ವಿವಾಹ ಪದ್ಧತಿ’ ಎಂದು ಒಂದು ಇದೆ ಎಂಬುದನ್ನು ಕರ್ನಾಟಕದವರು ಹೇಳಿದರೆ ನಗು ಬರುತ್ತದೆ. ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ನಮ್ಮಲ್ಲಿ ಅನೇಕ ಸಮುದಾಯಗಳಿಗೆ ಹೆಮ್ಮೆಯ ಸಂಬಂಧ, ಹರಿಯಾಣದಲ್ಲಿ ಊಹಿಸಲಾಗದ ಪಾಪ. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿದೆ. ಆದರೆ ‘ರೂಢಿ ಒಪ್ಪಿದರೆ ಸರಿ’ ಎಂಬ ವಿನಾಯಿತಿಯನ್ನೂ ಇಟ್ಟಿದೆ. ಕರಾವಳಿಯಲ್ಲಿ ಅಳಿಯಸಂತಾನ ಕಟ್ಟಿನಂತೆ ಆಸ್ತಿ ಹೆಣ್ಣಿನ ಸಾಲಿನಲ್ಲಿ ಹರಿಯುತ್ತಿತ್ತು. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ವಿಧವೆಗೆ ಸೀರೆ ಉಡಿಸಿ ಮಾಡುತ್ತಿದ್ದ ಉಡಿಕಿ ಮದುವೆಯಿತ್ತು: ಮೊದಲ ಮದುವೆಯ ಅಬ್ಬರವಿಲ್ಲ, ಮಾನ ಒಂದು ಮೆಟ್ಟಿಲು ಕೆಳಗೆ, ಆದರೆ ಸಂಸಾರಕ್ಕೆ ಊರಿನ ಒಪ್ಪಿಗೆ. ಮದುವೆಯಲ್ಲೇ ಮೇಲು–ಕೆಳಗಿನ ದರ್ಜೆಗಳನ್ನು ಇಟ್ಟುಕೊಂಡೇ ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದು ನಮಗೆ ಗೊತ್ತಿರುವ ವಿದ್ಯೆ. ತೈವಾನ್ 2019ರಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಹಾಗಾದರೆ ತಡೆ ಎಲ್ಲಿದೆ? ನಮ್ಮ ಲೆಕ್ಕದಲ್ಲಿ ದೊಡ್ಡ ತಡೆ ಒಡಹುಟ್ಟಿದವರ ಮದುವೆ. ನಿಶ್ಚಯಿಸಿ ಮಾಡುವ ಮದುವೆಯಲ್ಲಿ ನೋಡುವುದು ಹುಡುಗಿಯೊಬ್ಬಳನ್ನಲ್ಲ, ಮನೆತನವನ್ನು. ‘ಅಣ್ಣ ಏನು ಮಾಡ್ತಾನೆ, ಯಾಕಿನ್ನೂ ಮದುವೆ ಆಗಿಲ್ಲ’ ಎಂಬ ವಿಚಾರಣೆ ಗಂಡಿನ ಕಡೆಯಿಂದ ನೆಂಟರ ಮೂಲಕ ಬಂದೇ ಬರುತ್ತದೆ. ಅಣ್ಣನ ಗುಟ್ಟು ಹೊರಬಿದ್ದರೆ ಅದರ ಬೆಲೆ ತೆರುವವಳು ತಂಗಿ. ಹಾಗಾಗಿ ಒಳಗೊಳಗೇ ಮಗನನ್ನು ಒಪ್ಪಿಕೊಂಡ ತಾಯಿಯೂ ‘ಅವಳದ್ದೊಂದು ಆಗಿಬಿಡಲಿ, ಆಮೇಲೆ ನೋಡೋಣ’ ಅನ್ನುತ್ತಾಳೆ. ಐರ್ಲೆಂಡಿನಲ್ಲಿ ಮಗನ ಬದುಕು ಮಗನದ್ದು, ಆದ್ದರಿಂದ ತಂದೆ–ತಾಯಿ ಬೀದಿಗಿಳಿದು ಮತ ಕೇಳಲು ಸಾಧ್ಯವಾಯಿತು. ನಮ್ಮಲ್ಲಿ ಒಬ್ಬರ ಒಪ್ಪಿಗೆಗೆ ಇಡೀ ಮನೆ ಜಾಮೀನು ನಿಲ್ಲಬೇಕು. ಓದು, ವಯಸ್ಸು, ನಗರ ಇವೆಲ್ಲ ಪರಿಣಾಮ ಬೀರುತ್ತವೆ, ನಿಜ. ಆದರೆ ಇಂಜಿನಿಯರ್ ಮಗನ ಇಂಜಿನಿಯರ್ ತಂದೆಯೂ ಇದೇ ಗಂಟಿನಲ್ಲಿ ಸಿಕ್ಕಿರುತ್ತಾನೆ. ಓದು ಬಿಡಿಸುವ ಗಂಟಲ್ಲ ಇದು.

ಇನ್ನೊಂದು ತಡೆ ಜಮೀನು. ಖಾತೆದಾರ ತೀರಿಕೊಂಡರೆ ಪೌತಿ ಖಾತೆಗೆ ಮರಣ ಪತ್ರ ಮತ್ತು ನಾಡಕಚೇರಿಯ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಂಡತಿ, ಮಕ್ಕಳು, ಇಲ್ಲದಿದ್ದರೆ ತಾಯಿ, ಒಡಹುಟ್ಟಿದವರು ಬರುತ್ತಾರೆ. ಇಪ್ಪತ್ತು ವರ್ಷ ಜೊತೆಗಿದ್ದ ಸಂಗಾತಿಗೆ ಅಲ್ಲಿ ರೆಂಬೆ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಪಟ್ಟಿ ಮಾಡಿದ ವಾರಸುದಾರರ ಮೊದಲ ವರ್ಗದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಇರುವ ದಾರಿ ಉಯಿಲು: ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳು, ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸಿದರೆ ಕ್ಷೇಮ. ಉಯಿಲಿನಿಂದ ಲಾಭ ಪಡೆಯುವವರೇ ಸಾಕ್ಷಿ ಹಾಕದಿರುವುದು ಒಳಿತು. ಪಿತ್ರಾರ್ಜಿತವಾದರೆ ಬರೆಯಬಹುದಾದ್ದು ಸ್ವಂತ ಪಾಲು ಮಾತ್ರ. ಅಣ್ಣ–ತಮ್ಮಂದಿರು ತಕರಾರು ಹಾಕಿದರೆ ಕಂದಾಯ ಕಚೇರಿ ಕೈ ಚೆಲ್ಲಿ ಸಿವಿಲ್ ಕೋರ್ಟಿಗೆ ಕಳಿಸುತ್ತದೆ. ಆದ್ದರಿಂದಲೇ ಐದೆಕರೆ ನೀರಾವರಿ ಇರುವ ಮನೆಯ ವಿರೋಧಕ್ಕೂ ಬೆಂಗಳೂರಿನಲ್ಲಿ ಸಂಬಳದ ಮೇಲೆ ಬದುಕುವ ಮನೆಯ ವಿರೋಧಕ್ಕೂ ತೂಕ ಬೇರೆ. ಜಾತಿ ಒಂದೇ ಇರಬಹುದು, ಮಠ ಒಂದೇ ಇರಬಹುದು.

‘ನಮ್ಮಲ್ಲಿ ಜೋಗಪ್ಪಂದಿರಿಗೆ ಗೌರವವಿಲ್ಲವೇ’ ಎಂದು ಕೆಲವರು ಸಮಾಧಾನಪಡುತ್ತಾರೆ. ಸವದತ್ತಿ ಯಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರ ಕಾಲಿಗೆ ಬೀಳುವ ಊರು ಇದೆ. ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ನಮ್ಮದೇ. ಎಲ್ಲ ಸರಿ. ಆದರೆ ಜೋಗಪ್ಪನ ಸ್ಥಾನ ದೇವಿಗೆ ಮದುವೆಯಾದವನ ಸ್ಥಾನ. ಮನೆಯ ಪಾಲು, ಬೀಗತನ, ಸಂಸಾರ ಇವುಗಳಿಂದ ಹೊರಗೆ ನಿಂತದ್ದಕ್ಕೆ ಸಿಕ್ಕ ಗೌರವ ಅದು. ಅದೇ ಊರಿನ ಇಬ್ಬರು ಮೇಷ್ಟ್ರುಗಳು ಜಂಟಿಯಾಗಿ ಸೈಟು ಕೊಂಡು ಮನೆ ಕಟ್ಟಿ ‘ನಾವು ಸಂಸಾರ’ ಅಂದರೆ ಆ ಗೌರವ ನೆರವಿಗೆ ಬಾರದು. ನೇಪಾಳದಲ್ಲೂ ಹೀಗೇ ಆಯಿತು. 2007ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮೂರನೆಯ ಲಿಂಗಕ್ಕೆ ಮಾನ್ಯತೆ ಬಂತು. ಮದುವೆ ನೋಂದಣಿಗೆ 2023ರ ಜೂನ್‌ನ ಮಧ್ಯಂತರ ಆದೇಶದವರೆಗೆ ಕಾಯಬೇಕಾಯಿತು. ಅದಾದ ಮೇಲೂ ಕಾಠ್ಮಂಡು ಜಿಲ್ಲಾ ನ್ಯಾಯಾಲಯ ನಿರಾಕರಿಸಿತು. ಕೊನೆಗೆ ನವೆಂಬರ್ 29ರಂದು ಮೊದಲ ನೋಂದಣಿ ನಡೆದದ್ದು ರಾಜಧಾನಿಯಲ್ಲಲ್ಲ, ಲಮ್‌ಜುಂಗ್ ಜಿಲ್ಲೆಯ ದೋರ್ದಿ ಎಂಬ ಗ್ರಾಮೀಣ ಪುರಸಭೆಯಲ್ಲಿ. ಇದೆಲ್ಲ ನಗರದ ಗಣ್ಯರ ಗೀಳು ಎಂದು 2023ರಲ್ಲಿ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟ ನಮ್ಮ ಕೇಂದ್ರ ಸರ್ಕಾರ ಆ ಸುದ್ದಿ ಓದಿತೋ ಇಲ್ಲವೋ.

ಬೆಂಗಳೂರು ಉದಾರ ಎಂಬ ಮಾತಿಗೂ ಷರತ್ತಿದೆ. ಇಬ್ಬರು ಹುಡುಗರಿಗೆ ಅಥವಾ ಇಬ್ಬರು ಹುಡುಗಿಯರಿಗೆ ಬಾಡಿಗೆ ಮನೆ ಸಿಗುವುದು, ಮದುವೆಯಾಗದ ಗಂಡು–ಹೆಣ್ಣಿಗೆ ಸಿಗುವುದಕ್ಕಿಂತ ಸುಲಭ. ಮಾಲೀಕರ ಕಣ್ಣಿಗೆ ಅವರು ರೂಮ್‌ಮೇಟ್‌ಗಳು. ಈ ಮರೆಯೇ ರಕ್ಷಣೆ, ಈ ಮರೆಯೇ ಅಡ್ಡಿ: ಯಾರಿಗೂ ಕಾಣದ ಜೋಡಿ ಯಾರ ಅಭಿಪ್ರಾಯವನ್ನೂ ಬದಲಿಸುವುದಿಲ್ಲ. ಮೂವತ್ತೈದು ದಾಟಿದ ಮೇಲೆ ರೂಮ್‌ಮೇಟ್ ಎಂಬ ನೆಪ ಸವೆಯುತ್ತದೆ, ಆಗ ಮನೆ ಖಾಲಿ ಮಾಡಿಸುವುದು ಶುರು. ಅಮೆರಿಕದಲ್ಲಿ ಕಾನೂನುಬದ್ಧವಾಗಿ ಮದುವೆಯಾದ ಕನ್ನಡಿಗ ಜೋಡಿಯೂ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದರೆ ಇಲ್ಲಿನ ಕಾನೂನಿಗೆ ಇಬ್ಬರು ಅವಿವಾಹಿತರೇ.

ನಮ್ಮ ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಐವರು ನ್ಯಾಯಮೂರ್ತಿಗಳೂ ಮದುವೆ ಮೂಲಭೂತ ಹಕ್ಕಲ್ಲ ಎಂದರು, ಸಹಬಾಳ್ವೆಯ ಮಾನ್ಯತೆಯ ವಿಷಯದಲ್ಲಿ 3–2ರಂತೆ ಒಡೆದರು. ಮರುಪರಿಶೀಲನಾ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ವಿಚಾರಣೆಯ ವೇಳೆ ಕೇಂದ್ರ ಎಲ್ಲ ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಮೇ 10ರಂದು ನ್ಯಾಯಾಲಯಕ್ಕೆ ತಿಳಿಸಿದಂತೆ ಉತ್ತರಿಸಿದ್ದು ಏಳು: ರಾಜಸ್ಥಾನ, ಆಂಧ್ರ, ಅಸ್ಸಾಂ ಬೇಡ ಅಂದವು, ಮಹಾರಾಷ್ಟ್ರ, ಉತ್ತರ ಪ್ರದೇಶ, ಮಣಿಪುರ, ಸಿಕ್ಕಿಂ ಸಮಯ ಕೇಳಿದವು. ಕರ್ನಾಟಕ ಆ ಏಳರಲ್ಲಿ ಇರಲಿಲ್ಲ. ಆ ದಿನ ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಮತದಾನ, ಅದಿರಲಿ. ಆಮೇಲಾದರೂ ಈ ಬಗ್ಗೆ ಒಂದು ಚರ್ಚೆ ನಡೆಯಬಹುದಿತ್ತು. ಮದುವೆ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರದಂತೆ ರಾಜ್ಯವೂ ಅದರ ಬಗ್ಗೆ ಕಾನೂನು ಮಾಡಬಹುದು. ತಮಿಳುನಾಡು 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ 7ಎ ಸೇರಿಸಿ, ಪುರೋಹಿತರಿಲ್ಲದ ಸ್ವಾಭಿಮಾನಿ ಮದುವೆಗಳನ್ನು, ಹಿಂದೆ ಆಗಿಹೋದವುಗಳನ್ನೂ ಸೇರಿಸಿ, ಸಕ್ರಮ ಮಾಡಿತು. ಒಂದು ಪ್ರದೇಶದ ಸಾಮಾಜಿಕ ಚಳವಳಿ ಆ ಪ್ರದೇಶಕ್ಕಷ್ಟೇ ಕಾನೂನಾದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ.

ಅಷ್ಟು ದೂರ ಹೋಗುವ ಮೊದಲು, ಈಗಾಗಲೇ ಬಂದಿರುವ ಆದೇಶಗಳು ಕೌಂಟರಿನ ತನಕ ಇಳಿಯಲಿ. 2024ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೇಂದ್ರ ಮೂರು ಸೂಚನೆ ಕೊಟ್ಟಿದೆ: ಪಡಿತರ ಚೀಟಿಯಲ್ಲಿ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು, ಜಂಟಿ ಬ್ಯಾಂಕ್ ಖಾತೆ ಮತ್ತು ನಾಮನಿರ್ದೇಶನಕ್ಕೆ ಅಡ್ಡಿಯಿಲ್ಲ, ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ಮೃತದೇಹ ಪಡೆಯಬಹುದು. ಒಂದೊಂದರಲ್ಲೂ ಮುಳ್ಳಿದೆ. ಸಂಬಂಧದ ಕಲಮಿನಲ್ಲಿ ಏನು ತುಂಬಬೇಕೆಂದು ಆಹಾರ ಇಲಾಖೆ ಸ್ಪಷ್ಟವಾಗಿ ತಿಳಿಸದಿದ್ದರೆ ಕೌಂಟರಿನವರು ಅರ್ಜಿ ವಾಪಸ್ ಕೊಡುವುದು ಸಹಜ. ಇಬ್ಬರು ಹೆಂಗಸರು ತಮ್ಮ ಎರಡು ಚೀಟಿಗಳನ್ನು ಒಂದು ಮಾಡಿಸಿದರೆ ಯಜಮಾನಿ ಒಬ್ಬಳೇ, ಗೃಹಲಕ್ಷ್ಮಿಯ ₹2,000 ಕೂಡ ಒಂದೇ. ಬ್ಯಾಂಕಿನ ನಾಮಿನಿ ಹಣ ಪಡೆಯಬಹುದು, ಒಡೆಯನಾಗುವುದಿಲ್ಲ. ಉಯಿಲು ಇಲ್ಲದಿದ್ದರೆ ವಾರಸುದಾರರು ಬಂದು ಕೇಳಬಹುದು. ಮೃತದೇಹದ ವಿಷಯದಲ್ಲಿ ಇಪ್ಪತ್ತು ವರ್ಷ ಮುಖ ನೋಡದ ಚಿಕ್ಕಪ್ಪ ಬಂದು ನಿಂತರೆ ಸಂಗಾತಿ ಹಿಂದೆ ಸರಿಯಬೇಕು. ಇದ್ದುದರಲ್ಲಿ ಗಟ್ಟಿಯಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಸೆಕ್ಷನ್. ತನ್ನ ಪರವಾಗಿ ನಿರ್ಧಾರದಲ್ಲಿ ನೆರವಾಗುವ ಪ್ರತಿನಿಧಿಯಾಗಿ ರಕ್ತಸಂಬಂಧ ಇಲ್ಲದವರನ್ನೂ ಖಾಲಿ ಕಾಗದದಲ್ಲಿ ಬರೆದು ಸಹಿ ಮಾಡಿ ನೇಮಿಸಬಹುದು. ಸಾಮಾನ್ಯ ಆಸ್ಪತ್ರೆಗಳ ಒಪ್ಪಿಗೆ ಪತ್ರಕ್ಕೂ ಇದೇ ನಿಯಮ ತರಲು ದೊಡ್ಡ ಕ್ರಾಂತಿ ಬೇಕಿಲ್ಲ. 2025ರ ಮೇನಲ್ಲಿ ಮದ್ರಾಸ್ ಹೈಕೋರ್ಟ್, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದು ಹೇಳಿರುವುದರಿಂದ ಇಂಥ ಸುತ್ತೋಲೆಗೆ ಆಧಾರವೂ ಇದೆ.

ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸನ್ನೂ ಇಲ್ಲಿ ಮರೆಯುವಂತಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ಫಲಕದಲ್ಲಿ ಹೆಸರು–ವಿಳಾಸ ತಿಂಗಳಿಡೀ ಅಂಟಿರುವ ನಿಯಮದಿಂದ ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳೇ ನಲುಗುತ್ತಿವೆ. ನಾಳೆ ಸಲಿಂಗ ಜೋಡಿಗೆ ಅದೇ ಕಾಯ್ದೆ ತೆರೆದರೂ ಈ ಫಲಕ ಇರುವ ತನಕ ತಾಲ್ಲೂಕು ಕೇಂದ್ರದಲ್ಲಿ ಅರ್ಜಿ ಹಾಕುವ ಧೈರ್ಯ ಎಷ್ಟು ಜನರಿಗೆ ಬಂದೀತು? ನೋಂದಣಿಗಳೆಲ್ಲ ಬೆಂಗಳೂರಿನಲ್ಲೇ ಆಗುತ್ತವೆ, ಮತ್ತೆ ಅದನ್ನೇ ತೋರಿಸಿ ‘ಇದು ನಗರದ ಗೀಳು’ ಅನ್ನುತ್ತಾರೆ.

ತಮ್ಮ ಪತ್ರಿಕೆಗೆ ನಮ್ಮ ಕೋರಿಕೆ ಇಷ್ಟು. ಇನ್ನು ಮುಂದೆ ಇಂಥ ಸಮೀಕ್ಷೆಯ ಸುದ್ದಿ ಪ್ರಕಟಿಸುವಾಗ ಕೇಳಿದ ಪ್ರಶ್ನೆಯನ್ನೂ ಕೇಳಿದ ವಿಧಾನವನ್ನೂ ಅಚ್ಚುಮಾಡಿ. ರಾಜ್ಯದ ಅಂಕಿ ಸಿಕ್ಕರೆ ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕ, ಹಳೆ ಮೈಸೂರು ಎಂದು ಬಿಡಿಸಿ ಕೊಡಿ. ಮತ್ತು ಆಹಾರ, ಆರೋಗ್ಯ ಇಲಾಖೆಗಳು 2024ರ ಆ ಸೂಚನೆಗಳ ಮೇಲೆ ಜಿಲ್ಲೆಗಳಿಗೆ ಯಾವ ಸುತ್ತೋಲೆ ಕಳಿಸಿವೆ, ಯಾವ ದಿನಾಂಕದಂದು, ಎಂಬುದನ್ನು ತಮ್ಮ ಜಿಲ್ಲಾ ವರದಿಗಾರರ ಮೂಲಕ ವಿಚಾರಿಸಿ ಪ್ರಕಟಿಸಿ.

— ಕೌಟುಂಬಿಕ ಕಾನೂನು ಮತ್ತು ಸಮಾಜಶಾಸ್ತ್ರ ಬೋಧಿಸುವ ಇಬ್ಬರು ಅಧ್ಯಾಪಕರು, ಧಾರವಾಡ